ಹುಳುವಿಗೆ ಜ್ವರ, ಕಾರ್ಡಿಗೆ ವೋಲ್ಟೇಜು

ಈಜು ಬಾರದವನು ದಡದಲ್ಲಿ ನಿಂತು ಈಜು ಕಲಿಸಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ, ನಾನಿದ್ದೇನೆ. ಹದಿನೆಂಟು ವರ್ಷದಿಂದ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಿದ್ದೇನೆ. ಆಪರೇಟಿಂಗ್ ಸಿಸ್ಟಂ ಅಂದರೆ ಏನು, ಅದರೊಳಗಿನ ಡ್ರೈವರ್ ಅಂದರೆ ಏನು ಎಂದು ಬೋರ್ಡಿನ ಮೇಲೆ ಚೌಕ ಬರೆದು, ಚೌಕದಿಂದ ಚೌಕಕ್ಕೆ ಬಾಣ ಎಳೆದು ವಿವರಿಸುತ್ತೇನೆ. "ಡ್ರೈವರ್ ಅಂದ್ರೆ ಕಂಪ್ಯೂಟರಿಗೂ ಅದಕ್ಕೆ ಸಿಕ್ಕಿಸಿದ ಸಾಮಾನಿಗೂ ನಡುವೆ ಮಾತಾಡೋ ದುಭಾಷಿ" ಅನ್ನುವ ನನ್ನ ವಾಕ್ಯವನ್ನು ಹದಿನೆಂಟು ಬ್ಯಾಚಿನ ವಿದ್ಯಾರ್ಥಿಗಳು ಬರೆದುಕೊಂಡಿದ್ದಾರೆ, ಪರೀಕ್ಷೆಯಲ್ಲಿ ಹಾಗೇ ಬರೆದು ನನ್ನ ಕೈಯಿಂದಲೇ ಎರಡು ಅಂಕ ತೆಗೆದುಕೊಂಡಿದ್ದಾರೆ. ಆದರೆ ನಿಜ ಹೇಳಬೇಕೆಂದರೆ ಹೋದ ವರ್ಷದವರೆಗೆ ನಾನು ಒಂದೇ ಒಂದು ಡ್ರೈವರಿನ ಹೊಟ್ಟೆಯೊಳಗೆ ಇಣುಕಿದವನಲ್ಲ. ಹಾಗೆ ಇಣುಕುವಂತೆ ಮಾಡಿದ್ದು ನನ್ನ ಅಕ್ಕ ಮತ್ತು ಅವಳ ರೇಷ್ಮೆಹುಳುಗಳು.

ಜಯಕ್ಕನ ಊರು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಅಕ್ಕಿಹೆಬ್ಬಾಳಿನಿಂದ ಎರಡು ಮೈಲಿ. ಅವಳೂ ಭಾವನೂ ಚಾಕಿ ಸಾಕಣೆ ಮಾಡುತ್ತಾರೆ. ಅಂದರೆ ಮೊಟ್ಟೆಯಿಂದ ಆಗತಾನೆ ಹೊರಬಂದ, ಎಳ್ಳಿಗಿಂತ ಸಣ್ಣ ಹುಳುಗಳನ್ನು ಎಂಟು ಹತ್ತು ದಿನ ಜೋಪಾನ ಮಾಡಿ, ಗಟ್ಟಿಯಾದ ಮೇಲೆ ರೈತರಿಗೆ ಕೊಡುವುದು. ಅಷ್ಟೂ ದಿನ ಕೋಣೆಯ ಶಾಖ, ತೇವ ಎರಡೂ ಹದದಲ್ಲಿರಬೇಕು. ಬಾಣಂತಿ ಕೋಣೆಗೂ ಇಲ್ಲದ ಮಡಿ ಆ ಕೋಣೆಗೆ. ಪೌಡರ್ ಹಾಕಿಕೊಂಡವರು, ಊದುಬತ್ತಿ ಹಚ್ಚಿ ಬಂದವರು, ಸೊಳ್ಳೆ ಬತ್ತಿಯ ವಾಸನೆಯವರು ಯಾರೂ ಒಳಗೆ ಹೋಗುವ ಹಾಗಿಲ್ಲ. ಒಮ್ಮೆ ನಾನು ತಲೆನೋವಿಗೆ ಮುಲಾಮು ಹಚ್ಚಿಕೊಂಡು ಹೋಗಿದ್ದೆ. ಅಕ್ಕ ಹತ್ತು ಮಾರು ದೂರದಿಂದಲೇ ಮೂಸಿ, "ಅಲ್ಲೇ ನಿಂತ್ಕೊ" ಅಂದಳು. ಆವತ್ತು ನನಗೆ ಊಟ ಬಡಿಸಿದ್ದು ಕೊಟ್ಟಿಗೆಯ ಪಕ್ಕದಲ್ಲಿ.

ಇಂಥ ಕೋಣೆಗೆ ಮೂರು ವರ್ಷದ ಹಿಂದೆ ನಾನೊಂದು ಯಂತ್ರ ಮಾಡಿಕೊಟ್ಟಿದ್ದೆ. ಅಂಗೈಯಗಲದ ಒಂದು ಸಣ್ಣ ಕಂಪ್ಯೂಟರ್ ಬೋರ್ಡು. ಅದು ಶಾಖ ಮತ್ತು ತೇವವನ್ನು ಅಳೆದು, ಹೀಟರನ್ನೂ ನೀರು ಮಂಜು ಮಾಡುವ ಯಂತ್ರವನ್ನೂ ತಾನೇ ಹಚ್ಚಿ ಆರಿಸುತ್ತಿತ್ತು. ಅದರೊಳಗೆ ಓಡುತ್ತಿದ್ದದ್ದು ಉಚಿತವಾಗಿ ಸಿಗುವ, ಯಾರು ಬೇಕಾದರೂ ಓದಿ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಂ. ಆ ಸಿಸ್ಟಮ್ಮೂ ನನ್ನ ಪ್ರೋಗ್ರಾಮೂ ಎರಡೂ ಇದ್ದದ್ದು ಉಗುರಿನಷ್ಟಿದ್ದ ಒಂದು ಮೆಮೊರಿ ಕಾರ್ಡಿನಲ್ಲಿ. ಅದು ಬಂದ ಮೇಲೆ ಅಕ್ಕ ರಾತ್ರಿ ನಿದ್ದೆ ಮಾಡುವುದನ್ನು ಕಲಿತಳು. "ನಮ್ ತಮ್ಮ ಮಾಡ್ಕೊಟ್ಟಿದ್ದು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ನಾನು ಅಲ್ಲಿದ್ದರೆ ಬೇರೆ ಕಡೆ ನೋಡುತ್ತಾ ಕಿವಿ ಮಾತ್ರ ಇತ್ತ ಇಟ್ಟಿರುತ್ತಿದ್ದೆ.

ಚೆನ್ನಾಗಿ ನಡೆಯುತ್ತಿರುವುದನ್ನು ಮುಟ್ಟಬಾರದು. ಇದನ್ನೂ ನಾನೇ ತರಗತಿಯಲ್ಲಿ ಹೇಳುತ್ತೇನೆ. ಆದರೂ ಒಂದು ಭಾನುವಾರ ಬೆಳಿಗ್ಗೆ, ಹೊಸ ಮರಿಗಳು ಆಗಷ್ಟೇ ಮೊಟ್ಟೆಯೊಡೆದು ಬಂದಿದ್ದಾಗ, "ಅಕ್ಕ, ಈ ಕಾರ್ಡು ಹಳೇದಾಯ್ತು, ಹೊಸ ಸ್ಪೀಡಿನ ಕಾರ್ಡಿಗೆ ಎಲ್ಲಾ ತುಂಬಿಸಿ ತಂದಿದ್ದೀನಿ, ಹಾಕ್ತೀನಿ" ಎಂದೆ. ಹಳೆಯ ಕಾರ್ಡು ಬಿಗಿಯಾಗಿ ಕೂತಿತ್ತು. ಭಾವನಿಂದ ಇಕ್ಕಳ ಇಸಿದುಕೊಂಡು ಎಳೆದೆ. ಅರ್ಧ ಕಾರ್ಡು ಇಕ್ಕಳದಲ್ಲಿ ಬಂತು, ಇನ್ನರ್ಧ ಒಳಗೇ ಉಳಿಯಿತು. ಉಳಿದದ್ದನ್ನು ಸೂಜಿಯಲ್ಲಿ ಕೆದಕಿ ತೆಗೆದು, ಏನೂ ಆಗಿಲ್ಲವೆಂಬಂತೆ ಹೊಸದನ್ನು ಸಿಕ್ಕಿಸಿದೆ. ಬೋರ್ಡು ಏಳಲು ಶುರುಮಾಡಿತು, ಹಸಿರು ದೀಪ ನಾಲ್ಕೈದು ಸಲ ಮಿಣುಕಿತು, ನಿಂತುಬಿಟ್ಟಿತು. ಮತ್ತೆ ಹಾಕಿದೆ. ಮತ್ತೆ ಅಷ್ಟೇ.

"ಯಾಕ್ಲಾ, ಕೆಟ್ಟೋಯ್ತಾ?" ಎಂದಳು ಅಕ್ಕ.

"ಹೊಸದಲ್ವಾ, ಸ್ವಲ್ಪ ಹೊತ್ತು ತಗೊಳ್ಳುತ್ತೆ."

"ನಮ್ ಹುಳ ಹೊತ್ತು ತಗೊಳಾಕಿಲ್ಲ ಕಣ್ಲಾ. ಕ್ವಾಣೆ ತಣ್ಗಾಯ್ತಾ ಅದೆ."

ಭಾವ ಮಾತಾಡುವವರಲ್ಲ. ಅಟ್ಟದಿಂದ ಹಳೆಯ ಇದ್ದಿಲ ಒಲೆ ಇಳಿಸಿದರು, ಗೋಣಿತಾಟುಗಳನ್ನು ನೀರಿನಲ್ಲಿ ಅದ್ದಿ ಕಿಟಕಿಗೆ ಕಟ್ಟಿದರು, ಗೋಡೆಗೆ ಥರ್ಮಾಮೀಟರ್ ತೂಗುಹಾಕಿ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಹನ್ನೊಂದು ಮನೆಯವರು ಈ ಹುಳುಗಳನ್ನು ನಂಬಿ ಸೊಪ್ಪು ಬೆಳೆಸಿದ್ದರು. ಹುಳು ಕೆಟ್ಟರೆ ಅಷ್ಟೂ ಮನೆಗಳ ಒಂದು ಬೆಳೆ ಹೋದಂತೆ. ಭಾವ ಅಂದದ್ದು ಒಂದೇ ಮಾತು. "ನೀನು ಓಗಪ್ಪ, ನಾವು ನೋಡ್ಕತೀವಿ." ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಬೋರ್ಡನ್ನೂ ಕಳಚಿಕೊಂಡು ಪಾಂಡವಪುರದ ನಮ್ಮ ಮನೆಗೆ ಬಂದು ಆ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಸೊಗಸಾಗಿ ಓದಿತು, ಬರೆಯಿತು. ಹಾಗಾದರೆ ಕಾರ್ಡು ಸರಿಯಿದೆ. ಬೋರ್ಡು ಬೆಳಿಗ್ಗೆಯವರೆಗೆ ಓಡುತ್ತಿತ್ತು, ಹಾಗಾದರೆ ಬೋರ್ಡೂ ಸರಿಯಿದೆ. ಇಬ್ಬರೂ ಒಳ್ಳೆಯವರೇ, ಒಂದೇ ಮನೆಯಲ್ಲಿ ಮಾತ್ರ ಬಾಳುತ್ತಿಲ್ಲ. ಹಳೆಯ ಮಾದರಿಯ ನಿಧಾನದ ಕಾರ್ಡೊಂದು ಸಿಕ್ಕಿದರೆ ಸಾಕೆಂದು ಸೋಮವಾರ ಪಾಂಡವಪುರ, ಕೆ.ಆರ್. ಪೇಟೆ ಎರಡೂ ಕಡೆಯ ಮೊಬೈಲ್ ಅಂಗಡಿಗಳನ್ನು ಸುತ್ತಿದೆ. ಎಲ್ಲ ಕಡೆ ಹೊಸವೇ. "ಸ್ಲೋ ಇರೋದು ಕೊಡಿ" ಎಂದರೆ ಅಂಗಡಿಯವರು ನನ್ನನ್ನು ಒಂದು ಥರ ನೋಡಿದರು. ನಾಗಮಂಗಲದಲ್ಲಿ ಒಬ್ಬರ ಬಳಿ ಹಳೇ ಸ್ಟಾಕ್ ಇದೆಯೆಂದು ಯಾರೋ ಹೇಳಿದರು. ಮಂಗಳವಾರ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ. ಅವರು ಪ್ರೀತಿಯಿಂದ ಡಬ್ಬಿ ತೆಗೆದು, ಒಳಗೆ ಕಾರ್ಡೇ ಇಲ್ಲದ, ಕಾರ್ಡನ್ನು ಕೂರಿಸುವ ಪ್ಲಾಸ್ಟಿಕ್ ಹೊದಿಕೆಗಳನ್ನು ಮಾತ್ರ ತೋರಿಸಿದರು. ಅವು ಏಳೆಂಟಿದ್ದವು.

ಬುಧವಾರ ಬೇರೆ ದಾರಿ ಉಳಿಯಲಿಲ್ಲ. ಬೋರ್ಡಿಗೆ ಒಂದು ಪರದೆ ಸಿಕ್ಕಿಸಿ, ಅದು ಏಳುವಾಗ ಏನೇನು ಗೊಣಗುತ್ತದೆಂದು ಓದತೊಡಗಿದೆ. ನೂರಾರು ಸಾಲುಗಳ ಕೊನೆಯಲ್ಲಿ ಒಂದು ಸಾಲು: ಕಾರ್ಡಿನ ಸಿಗ್ನಲ್ ವೋಲ್ಟೇಜ್ ಬದಲಾಯಿಸಲು ಆಗಲಿಲ್ಲ. ಅದಾದ ಮೇಲೆ, ಕಾರ್ಡು ಉತ್ತರ ಕೊಡುತ್ತಿಲ್ಲ, ಕೊಡುತ್ತಿಲ್ಲ, ಕೊಡುತ್ತಿಲ್ಲ. ಆ ಸಾಲನ್ನು ಓದಿದ ಕೂಡಲೇ ನನ್ನ ಎದೆಬಡಿತ ಜೋರಾಯಿತು. ಈ ವಯಸ್ಸಿನಲ್ಲಿ ಎದೆಬಡಿತ ಜೋರಾದರೆ ಡಾಕ್ಟರ ಹತ್ತಿರ ಹೋಗಬೇಕು ಅನ್ನುತ್ತಾರೆ. ನಾನು ನೇರವಾಗಿ ಆ ಸಾಲನ್ನು ಬರೆಸಿದ ಡ್ರೈವರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ತೆರೆದೆ. ಹೆದರಿಕೊಂಡೇ ತೆರೆದೆ. ಒಳಗೆ ನೋಡಿದರೆ ನಮ್ಮಂಥ ಮನುಷ್ಯರೇ ಬರೆದದ್ದು. ನಡುನಡುವೆ "ಇದು ಯಾಕೆ ಬೇಕೋ ಗೊತ್ತಿಲ್ಲ, ತೆಗೆದರೆ ಕೆಲಸ ಮಾಡುವುದಿಲ್ಲ" ಎಂದು ಟಿಪ್ಪಣಿ ಕೂಡ ಇತ್ತು. ನನಗೆ ತವರಿಗೆ ಬಂದ ಹಾಗಾಯಿತು.

ವಿಷಯ ಇಷ್ಟೇ. ಎಲ್ಲ ಕಾರ್ಡುಗಳೂ ಮೂರು ಪಾಯಿಂಟ್ ಮೂರು ವೋಲ್ಟಿನಲ್ಲಿ ಮಾತು ಶುರುಮಾಡುತ್ತವೆ. ಹೊಸ ವೇಗದ ಕಾರ್ಡುಗಳು ಒಂದು ಪಾಯಿಂಟ್ ಎಂಟಕ್ಕೆ ಇಳಿಯಬಲ್ಲವು. ಇಳಿದರೇ ಅವಕ್ಕೆ ಪೂರ್ತಿ ವೇಗ. ಡ್ರೈವರು "ಇಳಿಯೋಣವಾ?" ಎಂದು ಕೇಳುತ್ತದೆ, ಕಾರ್ಡು "ಆಗಲಿ" ಎಂದು ಇಳಿಯುತ್ತದೆ, ಬೋರ್ಡೂ ಅದೇ ಹೊತ್ತಿಗೆ ಇಳಿಯಬೇಕು. ಹಳೆಯ ಕಾರ್ಡಿಗೆ ಇಳಿಯಲು ಬರುತ್ತಿರಲಿಲ್ಲ, ಆದ್ದರಿಂದ ಮೂರು ವರ್ಷ ತಂಟೆಯಿಲ್ಲದೆ ನಡೆದಿತ್ತು. ಈಗ ಹೊಸ ಕಾರ್ಡು ಇಳಿಯಿತು, ನಮ್ಮ ಬೋರ್ಡು ಮೇಲೆಯೇ ನಿಂತಿತು. ಹಾಗೆಂದು ನನ್ನ ಊಹೆ. ಬೋರ್ಡಿನ ಚಿಪ್ಪು ಮಾತ್ರ "ನನಗೆ ಎರಡೂ ಬರುತ್ತದೆ" ಎಂದು ಡ್ರೈವರಿಗೆ ಹೇಳಿಕೊಂಡಿತ್ತು. ಚಿಪ್ಪಿಗೆ ಬರುತ್ತಿದ್ದೀತು. ಆದರೆ ಬೋರ್ಡು ಮಾಡಿದವರು ಕಡಿಮೆ ವೋಲ್ಟೇಜಿನ ಸರಬರಾಜನ್ನೇ ಅದಕ್ಕೆ ಕೊಟ್ಟಿರಲಿಲ್ಲವೇನೋ.

ಈ ಊಹೆಯನ್ನು ಅಳೆದು ನೋಡಬೇಕಿತ್ತು. ಅಳೆಯಬೇಕಾದ ಜಾಗ ಎಳ್ಳಿನ ಕಾಳಿಗಿಂತ ಸಣ್ಣದು, ಕಾರ್ಡಿನ ಗೂಡಿನ ಪಕ್ಕದಲ್ಲಿ ಅಡಗಿದೆ. ಮಲ್ಟಿಮೀಟರಿನ ಮೊನೆ ಇಡಲು ಹೋದರೆ ಅಕ್ಕಪಕ್ಕದ ಎರಡು ಬಿಂದುಗಳಿಗೆ ತಾಗುತ್ತದೆ. ನನ್ನ ಕೈಯೋ, ಕಾಫಿ ಲೋಟ ಹಿಡಿದರೂ ನಡುಗುವಂಥದ್ದು. ಆಗ ನೆನಪಾದವನು ಸೀನ. ಶ್ರೀರಂಗಪಟ್ಟಣದಲ್ಲಿ ಕೋಟೆಯ ಒಳಗೆ ಅವನ ಅಕ್ಕಸಾಲೆ ಅಂಗಡಿ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಈಗ ಎಲ್ಲರ ಬಾಯಲ್ಲಿ ಸೀನಾಚಾರ್ರು.

ಗುರುವಾರ ಮಧ್ಯಾಹ್ನ ಅವನ ಮಣೆಯ ಮುಂದೆ ಬೋರ್ಡು, ಕಾರ್ಡು, ಪರದೆ ಎಲ್ಲ ಇಟ್ಟು, "ಇಲ್ಲಿಗೆ ಒಂದು ಕೂದಲಿನಂಥ ತಂತಿ ಬೆಸುಗೆ ಹಾಕಿಕೊಡಬೇಕು" ಎಂದೆ. ಸೀನ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ. ಮೊದಲು ಕಾರ್ಡನ್ನು ತಿರುಗಿಸಿ ನೋಡಿ, "ಲೇ ಮೇಷ್ಟ್ರೇ, ಇದ್ಕೆ ಚಿನ್ನದ ನೀರು ಕುಡ್ಸವ್ರೆ" ಎಂದ.

"ಹೌದು, ತುಕ್ಕು ಹಿಡಿಯಬಾರದು ಅಂತ."

"ಎಲ್ಲಾ ನಮ್ ಕಸುಬಿಗೇ ಬರ್ಬೇಕು ನೋಡು ಕೊನೀಗೆ. ಅದ್ಸರಿ, ಭಾನುವಾರದಿಂದ ಕೆಟ್ಟದೆ ಅಂತೀಯ. ಇವತ್ತು ಗುರುವಾರ. ಇವತ್ತಿನ ಗಂಟ ಅಳ್ದೇ ಇಲ್ವಾ?"

"ಇಲ್ಲ."

"ನಾನು ತೂಕ ಹಾಕ್ದೆ ಒಡವೆ ಬೆಲೆ ಯೋಳಿದ್ರೆ ಜನ ಸುಮ್ಕಿರ್ತಿದ್ರಾ?"

"ಮೊದಲು ಅಳೆಯಿರಿ, ಆಮೇಲೆ ಬಾಯಿ ಬಿಡಿ" ಎಂಬುದು ನನ್ನ ಲ್ಯಾಬಿನ ಗೋಡೆಯ ಮೇಲೆ ನಾನೇ ಬರೆಸಿ ಹಾಕಿದ ವಾಕ್ಯ.

ಸೀನ ಉಸಿರು ಬಿಗಿಹಿಡಿದು ತಂತಿ ಇಟ್ಟ, ಒಂದು ಚುಕ್ಕೆ ಬೆಸುಗೆ ಮುಟ್ಟಿಸಿದ, ಮುಗಿಯಿತು. ನಾನು ಮೀಟರು ಹಚ್ಚಿ, ಬೋರ್ಡಿಗೆ ಕರೆಂಟು ಕೊಟ್ಟೆ. ಇಬ್ಬರೂ ಮೀಟರಿನ ಮೇಲೆ ಬಗ್ಗಿದೆವು. ಮೂರು ಪಾಯಿಂಟ್ ಮೂರು. ಪರದೆಯ ಮೇಲೆ ವೋಲ್ಟೇಜು ಇಳಿಸುವ ಸಾಲು ಬಂತು. ಮೀಟರು ಕದಲಲಿಲ್ಲ. ಮೂರು ಪಾಯಿಂಟ್ ಮೂರು. ಕಾರ್ಡು ಉತ್ತರ ಕೊಡುತ್ತಿಲ್ಲ ಎಂದು ಬಂತು. ಆಗಲೂ ಮೂರು ಪಾಯಿಂಟ್ ಮೂರು. ನಾನು ಎದ್ದು ನಿಂತು ಸೀನನ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ. ಓಲೆ ಮಾಡಿಸಲು ಬಂದು ಕೂತಿದ್ದ ಹೆಂಗಸೊಬ್ಬರು ತಮ್ಮ ಒಡವೆಯ ಪೊಟ್ಟಣವನ್ನು ಮಡಿಲಿಗೆ ಎಳೆದುಕೊಂಡರು.

"ಏನಾಯ್ತು, ಸರಿ ಹೋಯ್ತಾ?" ಎಂದ ಸೀನ.

"ಇಲ್ಲ. ಕೆಟ್ಟಿರೋದು ಎಲ್ಲಿ ಅಂತ ಗೊತ್ತಾಯ್ತು."

"ಅಷ್ಟಕ್ಕೇ ಇಂಗಾಡ್ತೀಯಲ್ಲ" ಎಂದು ಅವನು ಓಲೆಯ ಕಡೆ ತಿರುಗಿದ. ಅವನಿಗೆ ಹೇಗೆ ಹೇಳಲಿ. ಹದಿನೆಂಟು ವರ್ಷ ತರಗತಿಯ ಬೋರ್ಡಿನ ಮೇಲೆ ಎಳೆದ ಬಾಣಗಳಲ್ಲಿ ಒಂದು ಬಾಣ ನಿಜವಾಗಿ ಎಲ್ಲಿ ಮುರಿದಿದೆಯೆಂದು ಆವತ್ತು ಕಣ್ಣಾರೆ ಕಂಡಿದ್ದೆ.

ಅವನ ಅಂಗಡಿಯಿಂದಲೇ ಅಕ್ಕನಿಗೆ ಫೋನು ಮಾಡಿದೆ. ಅವಳ ದನಿ ಬತ್ತಿತ್ತು. "ಎಲ್ಲಾ ಜ್ವರಕ್ ಕೂತವೆ ಕಣ್ಲಾ" ಎಂದಳು. ರೇಷ್ಮೆಹುಳು ಚರ್ಮ ಕಳಚುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಅದು ಕಾಯಿಲೆಯಲ್ಲ, ಬೆಳವಣಿಗೆ. ಆದರೆ ಆ ಹೊತ್ತಿನಲ್ಲಿ ಕೋಣೆಯ ತೇವ ಕಮ್ಮಿಯಿರಬೇಕು, ಜ್ವರ ಎದ್ದ ಮೇಲೆ ಮತ್ತೆ ಜಾಸ್ತಿ ಮಾಡಬೇಕು. ಒದ್ದೆ ಗೋಣಿತಾಟು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಗಂಡಹೆಂಡಿರಿಬ್ಬರೂ ಸರದಿಯ ಮೇಲೆ ಕಾಯುತ್ತಿದ್ದರು. "ನಿಮ್ ಭಾವ ನಿಂತ್ಕಂಡೇ ನಿದ್ದೆ ಮಾಡ್ತಾವ್ರೆ" ಎಂದಳು. "ನಾಳೆ ಬರ್ತೀನಿ ಅಕ್ಕ, ಸರಿ ಮಾಡ್ಕೊಂಡೇ ಬರ್ತೀನಿ" ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಶುಕ್ರವಾರ ಬೆಳಿಗ್ಗೆ ಡ್ರೈವರಿನಲ್ಲಿ ಒಂದು ಸಾಲು ಸೇರಿಸಿದೆ: ಯಾರೂ ವೋಲ್ಟೇಜು ಇಳಿಸಕೂಡದು. ಅದನ್ನು ಕಾಲೇಜಿನ ಕಂಪ್ಯೂಟರಿನಲ್ಲಿ ಬೋರ್ಡು ಓದುವ ರೂಪಕ್ಕೆ ಕಟ್ಟಲು ಇಟ್ಟು ಪಾಠಕ್ಕೆ ಹೋದೆ. ಎರಡು ಪೀರಿಯಡ್ಡು ಏನು ಪಾಠ ಮಾಡಿದೆನೋ ನನಗೆ ತಿಳಿಯದು, ವಿದ್ಯಾರ್ಥಿಗಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಮಧ್ಯಾಹ್ನ ಕಾರ್ಡು ಹಾಕಿ ಸ್ವಿಚ್ಚು ಒತ್ತಿದೆ. ಹಸಿರು ದೀಪ ಮಿಣುಕಿತು, ಮಿಣುಕುತ್ತಲೇ ಹೋಯಿತು. ಪರದೆಯ ಮೇಲೆ ನನ್ನ ಪ್ರೋಗ್ರಾಮು ಎದ್ದು ಸ್ಟಾಫ್ ರೂಮಿನ ಶಾಖ, ತೇವ ಎರಡನ್ನೂ ತೋರಿಸಿತು. ಸ್ಟಾಫ್ ರೂಮಿನಲ್ಲಿ ರೇಷ್ಮೆಹುಳು ಬದುಕಲಾರದು ಎಂದೂ ಗೊತ್ತಾಯಿತು. ಬೋರ್ಡನ್ನು ಟವಲಿನಲ್ಲಿ ಸುತ್ತಿ, ಮುಲಾಮು ಪೌಡರು ಏನೂ ಇಲ್ಲದ ಶುದ್ಧ ಮೈಯಲ್ಲಿ, ಅಕ್ಕಿಹೆಬ್ಬಾಳಿನ ಬಸ್ಸು ಹಿಡಿದೆ.

ಸಂಜೆ ಐದಕ್ಕೆ ಯಂತ್ರ ಓಡಿತು. ಹೀಟರು ತಾನೇ ಹತ್ತಿತು, ತಾನೇ ಆರಿತು. ಭಾವ ಅದನ್ನು ಎರಡು ಸಲ ನೋಡಿದರು, ಗೋಡೆಯ ಥರ್ಮಾಮೀಟರಿಗೆ ಹೋಲಿಸಿ ನೋಡಿದರು, ಒಳಗೆ ಹೋಗಿ ಮಲಗಿದರು. ಗೊರಕೆ ಹುಳುಗಳಿಗೂ ಕೇಳಿಸಿರಬೇಕು. ಅಕ್ಕ ಒಂದು ತಟ್ಟೆಯ ಮೇಲಿನ ಕಾಗದ ಎತ್ತಿ ತೋರಿಸಿದಳು. ಮೊದಲ ಜ್ವರ ಎದ್ದ ಹುಳುಗಳು ತಲೆ ಆಡಿಸುತ್ತಾ ಎಳೆ ಸೊಪ್ಪು ತಿನ್ನುತ್ತಿದ್ದವು. ಐದೂವರೆ ದಿನ ಅವನ್ನು ಉಳಿಸಿದ್ದು ಇದ್ದಿಲ ಒಲೆ ಮತ್ತು ಗೋಣಿತಾಟು, ನನ್ನ ಯಂತ್ರವಲ್ಲ. ಇದನ್ನು ಹೇಳೋಣವೆಂದುಕೊಂಡೆ. ಅಕ್ಕ ಒಬ್ಬಟ್ಟಿಗೆ ಬೇಳೆ ಹಾಕುತ್ತಿದ್ದಳು, ಆದ್ದರಿಂದ ಹೇಳಲಿಲ್ಲ.

ಕಥೆ ಇಲ್ಲಿಗೆ ನಿಲ್ಲಬಹುದಿತ್ತು. ಆದರೆ ನನಗೆ ಹುಮ್ಮಸ್ಸು ಹತ್ತಿಬಿಟ್ಟಿತ್ತು. ಲೋಕದಲ್ಲಿ ಇದೇ ಬೋರ್ಡು ಇಟ್ಟುಕೊಂಡವರು ಎಷ್ಟು ಮಂದಿಯೋ, ಅವರ ಕಾರ್ಡುಗಳೂ ಬಾಯಿ ಮುಚ್ಚಿಕೊಂಡು ಕೂತಿರಬಹುದು. ನನ್ನ ತಿದ್ದುಪಡಿಯನ್ನು ಆ ಡ್ರೈವರಿನ ಹೊಣೆ ಹೊತ್ತ ವಿದೇಶದ ಹೆಣ್ಣುಮಗಳೊಬ್ಬಳಿಗೆ ಕಳಿಸಿದೆ. ಜೊತೆಗೆ ಎರಡು ಪುಟದ ಪತ್ರ. ಅದರಲ್ಲಿ ಅಕ್ಕ, ಭಾವ, ಇದ್ದಿಲು, ಗೋಣಿತಾಟು, ಹುಳುಗಳಿಗೆ ಜ್ವರ ಬಂದದ್ದು ಎಲ್ಲವೂ ಇತ್ತು. ಮೂರನೇ ದಿನ ಉತ್ತರ ಬಂತು. ತಪ್ಪು ಹುಡುಕಿದ್ದು ಸರಿಯಿದೆ, ಆದರೆ ನಿಮ್ಮ ಒಂದು ಸಾಲಿನಿಂದ ಸರಿಯಾಗಿ ಇಳಿಯಬಲ್ಲ ಬೋರ್ಡುಗಳಲ್ಲೂ ಎಲ್ಲರ ಕಾರ್ಡು ನಿಧಾನವಾಗುತ್ತದೆ. ಕಡಿಮೆ ವೋಲ್ಟೇಜಿನ ಸರಬರಾಜು ಇದೆಯೇ ಎಂದು ಮೊದಲು ವಿಚಾರಿಸಿ, ಇಲ್ಲದಿದ್ದರೆ ಮಾತ್ರ ಬೇಡವೆನ್ನಿ. ಮತ್ತು ಸಾಲಿನ ಆರಂಭದಲ್ಲಿ ಜಾಗ ಬಿಟ್ಟಿರುವ ಕ್ರಮ ತಪ್ಪು. ಈ ಕೊನೆಯ ತಪ್ಪಿಗೆ ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಂದ ಅರ್ಧ ಅಂಕ ಕಿತ್ತುಕೊಳ್ಳುತ್ತೇನೆ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಹುಳುಗಳ ಜ್ವರ ಈಗ ಹೇಗಿದೆ, ಔಷಧಿ ಕೊಟ್ಟಿರಾ?

ತಿದ್ದಿ ಕಳಿಸಿದೆ, ಈ ಸಲ ನಾಲ್ಕು ಸಾಲು. ಆಕೆ ಇನ್ನೊಂದು ಕೊಂಕು ತೆಗೆದಳು, ಮತ್ತೆ ತಿದ್ದಿದೆ. ಜ್ವರ ಅಂದರೇನೆಂದೂ ಬರೆದೆ. ಒಂದು ಸೋಮವಾರ ಬೆಳಿಗ್ಗೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮೊಬೈಲಿಗೆ ಪತ್ರ ಬಂತು. ಸೇರಿಸಿಕೊಳ್ಳಲಾಗಿದೆ, ವಂದನೆಗಳು. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಈಗ ನಿಮ್ಮ ಹುಳುಗಳದ್ದೇ ಮಾತು ಎಂದೂ ಬರೆದಿದ್ದಳು. ನಾನು ಆ ಪತ್ರವನ್ನು ಓದುತ್ತಾ ಓದುತ್ತಾ ಕಾಲೇಜಿನ ಬಸ್ಸನ್ನು ಕಣ್ಣೆದುರೇ ಬಿಟ್ಟೆ. ತಡವಾಗಿ ಹೋಗಿ ಸ್ಟಾಫ್ ರೂಮಿನಲ್ಲಿ ವಿಷಯ ಹೇಳಿದಾಗ ಎಲ್ಲರೂ ಕೈ ಕುಲುಕಿದರು. ಗಣಿತದ ಮೇಡಂ ಒಬ್ಬರು, "ಎಷ್ಟು ಸಾಲು ಬರೆದಿರಿ ಸರ್?" ಎಂದರು. ನಾಲ್ಕು ಎಂದೆ. "ಮೂರು ವಾರಕ್ಕೆ ನಾಲ್ಕು" ಎಂದು ಅವರು ಮನಸ್ಸಿನಲ್ಲೇ ಏನೋ ಭಾಗಿಸಿದ ಹಾಗೆ ಕಂಡಿತು.

ಅತ್ತ ಹನ್ನೊಂದು ಮನೆಯವರೂ ಹುಳು ಒಯ್ದು, ಗೂಡು ಚೆನ್ನಾಗಿ ಕಟ್ಟಿಸಿದ್ದರು. ಗೂಡು ಮಾರಿ ದುಡ್ಡು ಕೊಡಲು ಬಂದ ಒಬ್ಬೊಬ್ಬರಿಗೂ ಅಕ್ಕ ನಡೆದದ್ದನ್ನು ಹೇಳಿದ್ದಳು. ಅವಳಿಗೆ ಡ್ರೈವರು, ವೋಲ್ಟೇಜು ಎಲ್ಲ ಹೇಳಲು ಬಾರದು. "ಕಾರ್ಡು ಕೆಟ್ಟೋಗಿತ್ತು, ನಮ್ ತಮ್ಮ ಸರಿ ಮಾಡ್ದ. ಫಾರಿನ್ನಿನವ್ರೂ ಒಪ್ಪವ್ರೆ" ಎಂದಿದ್ದಳು. ಈ ಮಾತು ಊರಿಂದೂರಿಗೆ ಹೋಗುತ್ತಾ ಹೋಗುತ್ತಾ ಮೆಮೊರಿ ಎಂಬ ಪದವನ್ನು ಎಲ್ಲೋ ಉದುರಿಸಿಕೊಂಡಿತು.

ಹೋದ ತಿಂಗಳು ಬೆಳಿಗ್ಗೆ ಎಂಟಕ್ಕೆ ಒಬ್ಬರು ಹಿರಿಯರು ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದರು. ಹೆಸರು ಚನ್ನೇಗೌಡರು, ನಾಗಮಂಗಲದ ಕಡೆಯವರು, ಮೊದಲ ಬಸ್ಸಿಗೇ ಬಂದಿದ್ದರು. ಪ್ಲಾಸ್ಟಿಕ್ ಚೀಲದಿಂದ ರೇಷನ್ ಕಾರ್ಡು ತೆಗೆದು ನನ್ನ ಕೈಗಿಟ್ಟು, "ನೀವು ಕಾರ್ಡ್ ಸರಿ ಮಾಡ್ತೀರಂತೆ. ಎಬ್ಬೆಟ್ಟು ಒತ್ತುದ್ರೆ ಮಿಸನ್ನು ಉತ್ರಾನೇ ಕೊಡಾಕಿಲ್ಲ ಸಾ" ಎಂದರು.

ನಾನು ಲೋಕದಲ್ಲಿ ಎಷ್ಟು ಬಗೆಯ ಕಾರ್ಡುಗಳಿವೆ, ಅವುಗಳಲ್ಲಿ ನನ್ನದು ಯಾವುದು ಎಂದು ಹತ್ತು ನಿಮಿಷ ವಿವರಿಸಿದೆ. ಅವರು ಕಾಫಿ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಅಂಗಾರೆ ಇದು ನಿಮ್ಗೆ ಬರಾಕಿಲ್ಲ" ಎಂದರು. ಹಾಗೆ ಅಂದುಬಿಟ್ಟರೆ ಯಾವ ಮೇಷ್ಟ್ರು ಸುಮ್ಮನಿರುತ್ತಾನೆ? ಅವರ ಕೈ ಹಿಡಿದು ಬೆಳಕಿಗೆ ತಿರುಗಿಸಿದೆ. ತೆಂಗಿನಕಾಯಿ ಸುಲಿದು ಸುಲಿದು ಬೆರಳುಗಳ ಗೆರೆಯೆಲ್ಲ ಸವೆದುಹೋಗಿತ್ತು. ಎಡಗೈಯ ಉಂಗುರದ ಬೆರಳಿನಲ್ಲಿ ಮಾತ್ರ ಒಂದಿಷ್ಟು ಗೆರೆ ಉಳಿದಿತ್ತು. ಆವತ್ತು ಶನಿವಾರ, ಅರ್ಧ ದಿನದ ಕಾಲೇಜು. ರಜೆ ಹಾಕಿ ಅವರ ಜೊತೆ ನಾಗಮಂಗಲದ ಬಸ್ಸು ಹತ್ತಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಆ ಬೆರಳನ್ನು ತೊಳೆಸಿ, ಒರೆಸಿ, ಯಂತ್ರದ ಮೇಲೆ ಇಡಿಸಿದೆ. ಒಂದು ಸಲ ಆಗಲಿಲ್ಲ, ಎರಡನೇ ಸಲ ಆಗಲಿಲ್ಲ. ಮೂರನೇ ಸಲ ಯಂತ್ರ ಕೂಗಿತು, ಹಸಿರು ದೀಪ ಬಂತು. ಸುಳ್ಳು ಹೇಳಬಾರದು, ನಾಲ್ಕು ಸಾಲು ಸೇರಿದ ದಿನ ಆದಷ್ಟೇ ಸಂತೋಷ ನನಗೆ ಆವತ್ತೂ ಆಯಿತು. ಸಾಲಿನಲ್ಲಿ ನಿಂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಚನ್ನೇಗೌಡರು ಅಕ್ಕಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದರು. ಸ್ವಲ್ಪ ದೂರ ನಡೆದು, ನನ್ನ ಮುಖವನ್ನು ಕನಿಕರದಿಂದ ನೋಡಿ ಕೇಳಿದರು.

"ಅಲ್ಲ ಮೇಷ್ಟ್ರೇ, ಇಷ್ಟೆಲ್ಲ ಬತ್ತದಲ್ಲ ನಿಮ್ಗೆ. ಮತ್ತೆ ಯಾಕ್ ಸಾ ಎಲ್ಲೂ ಕೆಲ್ಸ ಸಿಕ್ಕಿಲ್ಲ, ಪಾಠ ಯೋಳ್ಕಂಡು ಕುಂತ್ಬುಟ್ರಿ?"